ಮಾಮೂಲು ಪ್ಯಾರಾ

ಜೂನ್ ೨

ಕಾನೂನು ಪುಸ್ತಕದ ಅಂಗಡಿಯವನು ವರ್ಷವರ್ಷವೂ ಬಿಟ್ಟಿ ಕೊಡುವ ಈ ಡೈರಿಯಲ್ಲಿ ಇಲ್ಲಿಯವರೆಗೆ ನಾನು ಬರೆದದ್ದು ಕೇಸುಗಳ ತಾರೀಖು ಮಾತ್ರ. ಇವತ್ತಿನಿಂದ ಬರೆಯಲು ತಾರೀಖುಗಳಿಲ್ಲ. ಪುಟ ಖಾಲಿ ಬಿಡುವುದಕ್ಕಿಂತ ಹೊಟ್ಟೆಯುರಿಯನ್ನಾದರೂ ತುಂಬೋಣ.

ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂತು. ಮಾಲೀಕರು ಮತ್ತು ಬಾಡಿಗೆದಾರರ ಜಗಳ ಇನ್ನು ಕೋರ್ಟಿಗೆ ಬರುವುದಿಲ್ಲ, ಬಾಡಿಗೆ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ವಕೀಲರಿಗೆ ಬಾಗಿಲು ಬಂದ್. ಜನ ತಾವೇ ಬರಬೇಕು, ತಾವೇ ಮಾತಾಡಬೇಕು, ಉತ್ತರವನ್ನೂ ತಾವೇ ಬರೆದು ಕೊಡಬೇಕು. ಕದ್ದುಮುಚ್ಚಿ ಬರೆದುಕೊಟ್ಟ ವಕೀಲ ಸಿಕ್ಕಿಬಿದ್ದರೆ ಅವನ ವಕೀಲಿಕೆಯ ಸನ್ನದು ಅಮಾನತು. ಆಮೇಲೆ ಅವನು ಯಾವ ಕೋರ್ಟಿನಲ್ಲೂ ಬಾಯಿ ತೆರೆಯುವಂತಿಲ್ಲ.

ವಕೀಲಿಕೆ ಶುರುಮಾಡಿದಾಗಿನಿಂದ ನಾನು ಮಾಡಿದ್ದು ಬಾಡಿಗೆ ಕೇಸು ಒಂದೇ. ವಕೀಲರ ಸಂಘದಲ್ಲಿ ನನ್ನನ್ನು ‘ವಾಯಿದೆ ಸಾಹೇಬರು’ ಎನ್ನುತ್ತಾರೆ. ಬಾಡಿಗೆದಾರರ ಪರ ನಿಂತು, ಎಲ್ಲವನ್ನೂ ಅಲ್ಲಗಳೆದು, ಮುಂದಿನ ತಾರೀಖಿಗೆ, ಅದರ ಮುಂದಿನದಕ್ಕೆ ಎಂದು ವಾಯಿದೆ ಪಡೆಯುತ್ತಾ ಹೋಗುವುದು ನನ್ನ ವಿದ್ಯೆ. ನನ್ನ ವಾಯಿದೆಗಳ ನೆರಳಿನಲ್ಲೇ ಮಕ್ಕಳು ಹುಟ್ಟಿ, ಓದಿ, ಮದುವೆಯಾಗಿ ಹೋದ ಮನೆಗಳಿವೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ನನ್ನ ಕಕ್ಷಿದಾರರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಮನೆಯಲ್ಲಿದ್ದರು, ಅಷ್ಟೆ.

ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. “ಇನ್ನಾದ್ರೂ ಮನೇಲಿ ವಾದ ಮಾಡೋದು ನಿಲ್ಸಿ ರೀ” ಅಂದಳು. ನಾನು ಮನೆಯಲ್ಲಿ ವಾದ ಮಾಡುವುದೇ ಇಲ್ಲ ಎಂದು ಊಟ ತಣ್ಣಗಾಗುವವರೆಗೆ ವಾದಿಸಿದೆ.

ಜೂನ್ ೬

ಗುಮಾಸ್ತ ಬಿಟ್ಟುಹೋದ. ದೂರವೇನೂ ಹೋಗಿಲ್ಲ, ನ್ಯಾಯಮಂಡಳಿಯ ಎದುರಿಗೆ ಜೆರಾಕ್ಸ್ ಮಿಷನ್ ಇಟ್ಟುಕೊಂಡು ಕೂತಿದ್ದಾನೆ. “ಅಲ್ಲಿ ವಕೀಲರಿಗೆ ಪ್ರವೇಶ ಇಲ್ಲ ಸಾರ್, ಜೆರಾಕ್ಸ್‌ಗೆ ಇದೆ” ಅಂದ. ಬೈಯೋಣವೆಂದರೆ ಮಾತು ಸರಿಯಾಗಿಯೇ ಇತ್ತು.

ಕಕ್ಷಿದಾರರು ಒಬ್ಬೊಬ್ಬರಾಗಿ ಬಂದು ಫೈಲು ತೆಗೆದುಕೊಂಡು ಹೋಗುತ್ತಿದ್ದಾರೆ. ಕಪಾಟಿನಲ್ಲಿ ಫೈಲು ಇದ್ದ ಜಾಗವೆಲ್ಲ ಬೆಳ್ಳಗೆ, ಉಳಿದದ್ದೆಲ್ಲ ಧೂಳು. ಮಧ್ಯಾಹ್ನ ಕೆಳಗಿನ ಔಷಧಿ ಅಂಗಡಿಯ ಗಿರಾಕಿ ದಾರಿ ತಪ್ಪಿ ಮೆಟ್ಟಿಲು ಹತ್ತಿ ಬಂದ. ನಾನು ಗಡಬಡಿಸಿ ಕುರ್ಚಿ ಎಳೆದು, “ಕೂತ್ಕೊಳ್ಳಿ, ಏನು ಸಮಾಚಾರ?” ಅಂದೆ. ಅವನಿಗೆ ಬೇಕಾಗಿದ್ದದ್ದು ಕೆಮ್ಮಿನ ಔಷಧಿ.

ಅವನು ಇಳಿದುಹೋದ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಕೂತೆ. ಈ ವಯಸ್ಸಿನಲ್ಲಿ ಬೇರೆ ಏನು ಕಲಿಯಲಿ? ಅಲ್ಲಗಳೆಯುವುದು ಬಿಟ್ಟರೆ ನನಗೆ ಯಾವ ಕೆಲಸ ಬರುತ್ತದೆ?

ಜೂನ್ ೧೨

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ವಕೀಲರ ಕರಿ ಕೋಟು, ಗೌನು ಹೊಲಿಯುವ ಟೈಲರ್ ಹೆಂಗಸು ಬಂದಿದ್ದಳು. ನಮ್ಮ ಸಂಘದ ಅರ್ಧ ಮಂದಿಯ ಹೊಟ್ಟೆಯ ಸುತ್ತಳತೆ ಆಕೆಗೆ ಬಾಯಿಪಾಠ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಮುಂದಿನ ಕೋಣೆಯಲ್ಲಿ ಮಿಷನ್ನು, ಹಿಂದಿನ ಕೋಣೆಯಲ್ಲಿ ಒಲೆ, ಮಂಚ. ಮಾಲೀಕ ಸತ್ತ ಮೇಲೆ ಅವನ ಮಗಳು, ತನಗೆ ವಾಸಕ್ಕೆ ಮನೆ ಬೇಕು ಎಂದು ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದಾಳೆ.

“ಕೋರ್ಟ್ ಬಿಟ್ಟು ದೂರ ಹೋದ್ರೆ ಕೋಟು ಹೊಲಿಸೋಕೆ ಯಾರು ಬರ್ತಾರೆ ವಕೀಲ್ರೇ? ಮಿಷನ್ ಹೊತ್ಕೊಂಡು ಯಾವ ಮರದ ಕೆಳಗೆ ಕೂರ್ಲಿ?” ಅಂದಳು. ಆಮೇಲೆ, “ಪುಟ್ಟೀನ ಎತ್ತಿ ಆಡ್ಸಿದೋಳು ನಾನು. ಅವಳ ಮನೆಗೇ ಹೋಗಿ ಒಂದ್ಸಲ ಮಾತಾಡ್ಲಾ?” ಎಂದು ಕೇಳಿದಳು. ಪುಟ್ಟಿ ಅಂದರೆ ಆ ಮಾಲೀಕರ ಮಗಳು.

“ಖಂಡಿತಾ ಬೇಡ. ಒಂದು ಮಾತೂ ಆಡ್ಬೇಡಿ. ಆಡಿದ್ದೆಲ್ಲ ಸಾಕ್ಷಿ ಆಗತ್ತೆ” ಅಂದೆ.

ಉತ್ತರ ನಾನು ಬರೆದುಕೊಡುವುದು, ಆಕೆ ತನ್ನ ಕೈಬರಹದಲ್ಲಿ ನಕಲು ಮಾಡುವುದು ಎಂದಾಯಿತು. ಪೆನ್ನು ಹಿಡಿದದ್ದೇ ತಡ, ಕೈಗೆ ಜೀವ ಬಂತು. ಮೊದಲನೆಯದೇ ನನ್ನ ಮಾಮೂಲು ಪ್ಯಾರಾ: “ಅರ್ಜಿದಾರರು ಸದರಿ ಮನೆಯ ಮಾಲೀಕರೆಂಬುದು ಶುದ್ಧ ಸುಳ್ಳು. ಅದನ್ನು ಅರ್ಜಿದಾರರೇ ಕಟ್ಟುನಿಟ್ಟಾಗಿ ರುಜುವಾತುಪಡಿಸತಕ್ಕದ್ದು.” ಯಾವ ಕೇಸು ಬಂದರೂ ಮೊದಲು ಇದು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲು ಅಲ್ಲಗಳೆ, ಆಮೇಲೆ ಓದು ಎಂದು ನನ್ನ ಸೀನಿಯರು ಕಲಿಸಿದ್ದು.

ಫೀಸು ಬೇಡ ಎಂದೆ. ನನ್ನ ಕೋಟಿನ ತೋಳಿನ ಲೈನಿಂಗ್ ಹರಿದಿತ್ತು, ಹಾಕಿಕೊಡಿ ಎಂದು ಕೊಟ್ಟು ಕಳಿಸಿದೆ. ತುಂಬ ದಿನದ ಮೇಲೆ ಹೊಟ್ಟೆತುಂಬ ಊಟ ಮಾಡಿದೆ.

ಜೂನ್ ೧೫

ಆಕೆಯ ಅಂಗಡಿಗೇ ಹೋಗಿ ತಾಲೀಮು ಕೊಟ್ಟೆ. ನಾನು ನ್ಯಾಯಮಂಡಳಿಯ ಅಧಿಕಾರಿ, ಆಕೆ ಆಕೆಯೇ.

“ಈ ಮನೆ ಯಾರದು?”

“ಅವರದೇ.”

“ಅಲ್ಲಮ್ಮಾ! ನಂಗೊತ್ತಿಲ್ಲ, ಅವರೇ ಸಾಬೀತು ಮಾಡ್ಲಿ ಅನ್ನಿ.”

“ಗೊತ್ತಿದ್ದೂ ಗೊತ್ತಿಲ್ಲ ಅಂದ್ರೆ ನಾಲಿಗೇಲಿ ಹುಳ ಬೀಳಲ್ವಾ?”

“ನನ್ನ ನಾಲಿಗೆ ನೋಡಿ, ಒಂದಾದ್ರೂ ಇದೆಯಾ?”

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕಳು. ನುಂಗಿಬಿಟ್ಟಾಳು ಎಂದು ನನಗೆ ಗಾಬರಿ. ಮತ್ತೆ ಕೇಳಿದೆ, ಮತ್ತೆ “ಅವರದೇ” ಅಂದಳು. ಅಂಗಿಯ ತೋಳು ಉಲ್ಟಾ ಹೊಲಿದರೆ ಬಿಚ್ಚಿ ಹೊಲಿಯಬಹುದು, ಇಂಥವರಿಗೆ ಸುಳ್ಳು ಕಲಿಸಲಾಗುವುದಿಲ್ಲ. ಕೊನೆಗೆ, “ಅಧಿಕಾರಿಗಳು ಮೆತ್ತಗೆ ಕೇಳಿದ್ರೆ ನಂಬ್ಬೇಡಿ. ಬಾಯಿ ಬಿಡಿಸೋಕೆ ಹಾಗೆ ಕೇಳ್ತಾರೆ” ಎಂದು ಎಚ್ಚರಿಸಿ ಬಂದೆ.

ಜೂನ್ ೨೪

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನ್ಯಾಯಮಂಡಳಿ ಎಂದರೆ ಒಂದು ಸಾಧಾರಣ ಕೋಣೆ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಂದು ಮೇಜು, ಆಚೆ ಅಧಿಕಾರಿ, ಈಚೆ ಎರಡು ಕುರ್ಚಿ. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಾರ್ವಜನಿಕರ ಬೆಂಚಿನಲ್ಲಿ, ಕೊನೆಯಲ್ಲಿ, ಬರೀ ಅಂಗಿಯಲ್ಲಿ ನಾನು.

ಮಾಲೀಕರ ಮಗಳು ಕೈಯಲ್ಲಿ ಉತ್ತರದ ಪ್ರತಿ ಹಿಡಿದುಕೊಂಡಿದ್ದಳು. ಅಧಿಕಾರಿಯನ್ನು ನೋಡಲೇ ಇಲ್ಲ, ಟೈಲರಮ್ಮನನ್ನೇ ನೋಡಿದಳು. “ಆಂಟಿ, ನಮ್ಮಪ್ಪನ ಮನೆ ನಮ್ದಲ್ಲ ಅಂತ ಬರ್ದಿದ್ದೀರಲ್ಲ. ಶುದ್ಧ ಸುಳ್ಳು ಅಂತೆ. ಮೇಲೊಂದು ಮಹಡಿ ಎತ್ತಿಸಿ ನಾನಿರ್ತೀನಿ, ನೀವು ಕೆಳಗೇ ಇರಿ ಅನ್ನೋಣ ಅಂತಿದ್ದೆ. ನೀವೇ ಬಂದು ಮಾತಾಡ್ತೀರಾ ಅಂತ ಕಾದೆ. ಇನ್ನು ಬೇಡ, ಬಿಟ್ಬಿಡಿ ಮನೇನ” ಎಂದು ಅತ್ತುಬಿಟ್ಟಳು.

ಅಧಿಕಾರಿ ಟೈಲರಮ್ಮನನ್ನು ಕೇಳಿದರು. “ಇವರು ಯಾರು?”

“ಪುಟ್ಟಿ... ನಮ್ಮ ಮಾಲೀಕರ ಮಗಳು. ಈಗ ಇವರೇ ಮಾಲೀಕರು.”

“ಮತ್ತೆ ಇಲ್ಲಿ ಸುಳ್ಳು ಅಂತ ಯಾಕೆ ಬರ್ದ್ರಿ? ನೋಡಿಮ್ಮಾ, ಗೊತ್ತಿದ್ದೂ ಮಾಲೀಕರನ್ನ ಮಾಲೀಕರೇ ಅಲ್ಲ ಅಂದ್ರೆ, ಹೊಸ ಕಾಯ್ದೆ ಪ್ರಕಾರ ಬಾಡಿಗೆದಾರರಿಗೆ ಯಾವ ರಕ್ಷಣೆನೂ ಉಳಿಯಲ್ಲ. ಮನೆ ಬಿಡ್ಬೇಕಾಗತ್ತೆ. ಇದು ನಿಮ್ಮ ಮಾತಿನ ಥರ ಇಲ್ಲ. ಯಾರಾದ್ರೂ ವಕೀಲರು ಬರ್ದುಕೊಟ್ರಾ? ಹೆಸರು ಹೇಳಿ. ಈ ಪ್ಯಾರಾ ಹೊಡೆದುಹಾಕಿ ನಿಮಗೆ ಇನ್ನೊಂದು ಅವಕಾಶ ಕೊಡ್ತೀನಿ.”

ಟೈಲರಮ್ಮ ಹಿಂದಕ್ಕೆ ತಿರುಗಲಿಲ್ಲ.

“ಯಾರೂ ಇಲ್ಲ ಮೇಡಂ. ನಾನೇ ಬರ್ದಿದ್ದು. ಕೋರ್ಟ್ ಹಿಂದೇನೇ ಅಂಗಡಿ, ದಿನಾ ವಕೀಲರ ಮಾತು ಕಿವಿಗೆ ಬೀಳ್ತಿರತ್ತೆ.”

ಇಷ್ಟು ತಾಲೀಮು ಕೊಟ್ಟರೂ ನಾಲಿಗೆ ಹೊರಳದ ಹೆಂಗಸು ಕಣ್ಣು ಮಿಟುಕಿಸದೆ ಹೇಳಿಬಿಟ್ಟಳು. ಆಗ ನಾನು ಎದ್ದು ನಿಲ್ಲಬೇಕಿತ್ತು. ಬೆಂಚಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ಅಧಿಕಾರಿ ಆ ಕಡೆಯಿಂದ ಕಣ್ಣು ತೆಗೆಯುವವರೆಗೆ ಬಗ್ಗಿಯೇ ಇದ್ದೆ. ಚಪ್ಪಲಿ ಕಾಲಿನಲ್ಲೇ ಇತ್ತು.

ಜುಲೈ ಆರಕ್ಕೆ ಆದೇಶ.

ಜೂನ್ ೨೫

ಕಾಯ್ದೆಯನ್ನು ಇವತ್ತು ಪೂರ್ತಿ ಓದಿದೆ. ಇಷ್ಟು ದಿನ ಬೈದದ್ದೇ ಬೈದದ್ದು. ಓದಿದ್ದು ವಕೀಲರಿಗೆ ಪ್ರವೇಶವಿಲ್ಲ ಎಂಬ ಸಾಲಿನವರೆಗೆ ಮಾತ್ರ.

ಕೊನೆಯ ಹಾಳೆಗಳಲ್ಲಿ ಒಂದು ಕಲಮು ಇದೆ. ವಾಸವನ್ನೂ ಕಸುಬನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡಿರುವ ಒಂಟಿ ಬಾಡಿಗೆದಾರರನ್ನು, ಅದೇ ಬೀದಿಯಲ್ಲಿ ಬೇರೆ ಜಾಗ ತೋರಿಸದೆ ಬಿಡಿಸುವಂತಿಲ್ಲ. ಟೈಲರಮ್ಮನಿಗೆಂದೇ ಅಳತೆ ತೆಗೆದು ಹೊಲಿದಂತಿದೆ. ಅವರು ಸುಮ್ಮನೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು. ನನ್ನ ಬಳಿ ಬರದೇ ಇದ್ದಿದ್ದರೆ ಅವರ ಮನೆ ಉಳಿಯುತ್ತಿತ್ತು.

ಜೂನ್ ೨೬

ಅಂಗಡಿಗೆ ಹೋದೆ. “ಯಾಕೆ ಹಾಗೆ ಹೇಳಿದ್ರಿ? ನನ್ನ ಹೆಸರು ಹೇಳಿದ್ರೆ ಇನ್ನೊಂದು ಅವಕಾಶ ಸಿಗ್ತಿತ್ತಲ್ಲ” ಅಂದೆ.

“ನೀವೇ ತಾನೇ ಹೇಳಿದ್ದು, ಮೆತ್ತಗೆ ಕೇಳಿದ್ರೆ ನಂಬ್ಬೇಡಿ ಅಂತ? ನನ್ನದು ಹೇಗೂ ಹೋಯ್ತು ಅನ್ನಿಸ್ತು. ಜೊತೆಗೆ ನಿಮ್ಮದೂ ಯಾಕೆ ಹೋಗ್ಬೇಕು? ಕೋಟು ಹೊಲ್ದೋಳೇ ಕೋಟು ಬಿಚ್ಚಿಸ್ಲಾ?”

ಆ ಕಲಮಿನ ವಿಷಯ ಹೇಳಬೇಕೆಂದೇ ಹೋಗಿದ್ದೆ, ಬಾಯಿ ಬರಲಿಲ್ಲ. ಲೈನಿಂಗ್ ಹಾಕಿದ ಕೋಟು ಕೊಟ್ಟರು. “ಹಾಕ್ಕೊಂಡು ನೋಡಿ, ತೋಳು ಬಿಗಿ ಆಯ್ತಾ?” ಎಂದರು. ಹಾಕಿಕೊಂಡೆ. ಬಿಗಿಯಾಗಿರಲಿಲ್ಲ. ಹಾಕಿಕೊಂಡೇ ಮನೆಗೆ ಬಂದೆ.

ಜೂನ್ ೨೮

ಬರೆಯಲು ಏನೂ ಇಲ್ಲ. ಊಟ ಸೇರುತ್ತಿಲ್ಲ.

ಜೂನ್ ೩೦

ಹೆಂಡತಿಯ ಮುಂದೆ ಸುಮ್ಮನೆ ಮಾತಿಗೆ ತೆಗೆದೆ. “ಒಬ್ಬ ವಕೀಲ ಇದ್ದಾನೆ ಅಂದ್ಕೋ...”

“ಅಂದ್ಕೊಂಡೆ. ಅವನು ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ಅಲ್ವಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಎಲ್ಲವನ್ನೂ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿಸಿಕೊಂಡಳು. ನಾನು ಹೇಳಿದೆ: ನಾನು ಬಾಯಿ ಬಿಟ್ಟರೂ ಅಧಿಕಾರಿ ನಂಬುತ್ತಾರೆಂದು ಏನು ಖಾತ್ರಿ? ಸನ್ನದೂ ಹೋಗಿ, ಅವರ ಮನೆಯೂ ಹೋದರೆ? ಸನ್ನದು ಹೋದರೆ ನಮ್ಮ ಸಂಸಾರದ ಗತಿಯೇನು?

“ಸಂಸಾರ ನನ್ನ ಸಂಬಳದಲ್ಲಿ ನಡೆಯತ್ತೆ ರೀ. ನಮ್ಮನ್ನ ನೆಪ ಮಾಡ್ಬೇಡಿ” ಎಂದಳು. ಮತ್ತೆ ತಿದ್ದುವುದಕ್ಕೆ ಕೂತಳು.

ನನ್ನ ಹೆದರಿಕೆ ಹೊಟ್ಟೆಪಾಡಿನದಲ್ಲ. ಕೋಟು ಇಲ್ಲದೆ ಬೀದಿಯಲ್ಲಿ ನಡೆದರೆ ನಾನು ಯಾರು? ‘ವಾಯಿದೆ ಸಾಹೇಬರು’ ಎಂದು ಗೇಲಿ ಮಾಡುವುದಕ್ಕೂ ಯಾರೂ ಇರುವುದಿಲ್ಲ. ಇದನ್ನು ಅವಳಿಗೆ ಹೇಳಲಾಗಲಿಲ್ಲ.

ಜುಲೈ ೨

ಆ ಗಲ್ಲಿಯಲ್ಲಿ ಹೋಗಬಾರದೆಂದುಕೊಂಡೇ ಹೋದೆ. ಟೈಲರಮ್ಮ ಗಿರಾಕಿಗಳನ್ನು ಕರೆಸಿ, ಕತ್ತರಿಸದ ಕರಿ ಬಟ್ಟೆಯನ್ನೆಲ್ಲ ವಾಪಸು ಕೊಡುತ್ತಿದ್ದರು. ಒಬ್ಬ ವಕೀಲ, ಹೊಲಿಯಲಾಗದಿದ್ದರೆ ಬಟ್ಟೆ ಯಾಕೆ ಇಟ್ಟುಕೊಂಡಿರಿ ಎಂದು ರೇಗಾಡಿದ. ಅವರು ಅವನಿಗೆ ಬಟ್ಟೆ ಮಡಿಸಿಕೊಟ್ಟು, “ಭುಜ ಒಂದು ಚೂರು ಇಳಿಜಾರು ನಿಮ್ಮದು. ಬೇರೆ ಟೈಲರ್‌ಗೆ ಮರೀದೆ ಹೇಳಿ” ಎಂದರು.

ನನ್ನನ್ನು ಕಂಡು ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು.

“ನಿಮ್ಮ ಆಫೀಸಿನ ಮೆಟ್ಟಿಲ ಕೆಳಗೆ ಒಂದು ಸಂದಿ ಇದೆಯಲ್ಲ ವಕೀಲ್ರೇ, ಅಲ್ಲಿ ಮಿಷನ್ ಇಟ್ಕೋಬಹುದಾ? ಹಗಲು ಹೊತ್ತು ಅಷ್ಟೆ. ಮಲಗೋಕೆ ಎಲ್ಲಾದ್ರೂ ನೋಡ್ಕೋತೀನಿ.”

“ನೋಡೋಣ” ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಜನ್ಮಕ್ಕಂಟಿದ ಗುಣ. ಆ ಸಂದಿಯಲ್ಲಿ ಒಬ್ಬ ಮನುಷ್ಯ ನೆಟ್ಟಗೆ ಕೂರಲೂ ಆಗುವುದಿಲ್ಲ. ಗೊತ್ತಿದ್ದೂ “ನೋಡೋಣ” ಅಂದೆನಲ್ಲ.

ಜುಲೈ ೩

ನ್ಯಾಯಮಂಡಳಿಯ ಗೇಟಿನವರೆಗೆ ಹೋದೆ. ಕಾಲು ಒಳಗೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎದುರಿನಿಂದ ನಮ್ಮ ಗುಮಾಸ್ತ, “ಸಾರ್, ಜೆರಾಕ್ಸ್ ಬೇಕಿತ್ತಾ?” ಎಂದು ಕೂಗಿದ. ಹೂಂ ಅಂದೆ. ಜೇಬಿನಲ್ಲಿ ಕರೆಂಟು ಬಿಲ್ಲಿತ್ತು. ಅದರದ್ದೇ ಪ್ರತಿ ಮಾಡಿಸಿಕೊಂಡು ಬಂದೆ.

ಯಾರಾದರೂ ನನ್ನನ್ನು ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಬಾರದೇ? ದೇವರೇ, ಯಾರಾದರೂ ನನ್ನ ಹೆಸರು ಹೇಳಿಬಿಡಬಾರದೇ?

ಜುಲೈ ೬

ಬಾಗಿಲಲ್ಲಿ ಕಾವಲಿನವನು ತಡೆದ. “ಕೋಟು ಹಾಕ್ಕೊಂಡಿದ್ರೆ ಒಳಗೆ ಬಿಡಲ್ಲ ಸಾರ್. ವಕೀಲರಿಗೆ ಪ್ರವೇಶ ಇಲ್ಲ.” ಕೋಟು ಬಿಚ್ಚಿ ಅವನ ಸ್ಟೂಲಿನ ಮೇಲಿಟ್ಟು ಒಳಗೆ ಹೋದೆ.

ಅಧಿಕಾರಿ ಆದೇಶ ಓದಲು ಹಾಳೆ ತೆಗೆದಿದ್ದರು. ನಾನು ಬೆಂಚಿನ ಕಡೆ ಹೋಗಲು ಹೊರಟವನು ಮೇಜಿನ ಮುಂದೆ ಹೋಗಿ ನಿಂತಿದ್ದೆ. “ಆ ಪ್ಯಾರಾ ಬರ್ದಿದ್ದು ನಾನು. ಇವರು ನಕಲು ಮಾಡಿದ್ದಾರೆ ಅಷ್ಟೆ. ನಾನು ವಕೀಲ” ಅಂದೆ.

“ಸುಳ್ಳು ಮೇಡಂ!” ಟೈಲರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. “ಇವರು ಪಾಪ ಅಂತ ಹೇಳ್ತಿದ್ದಾರೆ. ನಾನೇ ಬರ್ದಿದ್ದು.”

“ಇಲ್ಲ, ನಾನು.”

“ನಾನು ಅಂದ್ನಲ್ಲ, ಸುಮ್ನಿರಿ ವಕೀಲ್ರೇ!”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಮನೆ ಯಾರದು ಅಂತ ಜಗಳ ಬರತ್ತೆ ನನ್ನ ಹತ್ರ. ಪ್ಯಾರಾ ಯಾರದು ಅಂತ ಇದೇ ಮೊದಲು. ಸರಿ, ಹಾಳೆ ನೋಡದೆ ಇಬ್ರೂ ಹೇಳಿ. ಮೊದಲು ನೀವಮ್ಮ.”

ಟೈಲರಮ್ಮ ‘ಸದರಿ ಮನೆಯ’ ತನಕ ಬಂದರು. ‘ರುಜು’ ಎಂದು ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು, ಮತ್ತೆ ಅಲ್ಲೇ ನಿಂತರು. ಆಮೇಲೆ ನನ್ನ ಸರದಿ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಎಷ್ಟೋ ನ್ಯಾಯಾಧೀಶರ ಮುಂದೆ ಓದಿದ್ದೇನೆ ಆ ಸಾಲನ್ನು, ಇಷ್ಟು ಸ್ಪಷ್ಟವಾಗಿ ಎಂದೂ ಓದಿರಲಿಲ್ಲ.

“ಬರ್ದುಕೊಡಿ” ಎಂದು ಅಧಿಕಾರಿ ಹಾಳೆ ಕೊಟ್ಟರು. ‘ಸದರಿ ನಾನು’ ಎಂದು ಶುರುಮಾಡಿದೆ. “ಸದರಿ ಬೇಡ. ನಿಮ್ಮ ಮಾತಲ್ಲೇ ಬರೀರಿ” ಎಂದರು. ತುಂಬ ಹೊತ್ತು ಹಿಡಿಯಿತು. ಮೂರೇ ಸಾಲು ಆಯಿತು.

ಪ್ಯಾರಾ ಹೊಡೆದುಹಾಕಿದರು. ಟೈಲರಮ್ಮನಿಗೆ, ನಿಮ್ಮ ಕಷ್ಟ ನೀವೇ ಹೇಳಿ ಎಂದರು. ಅವರು ಹೇಳಿದರು. ಮಿಷನ್ನು, ಒಲೆ, ಮಂಚ, ಪುಟ್ಟಿ ಚಿಕ್ಕವಳಿದ್ದಾಗ ತೂಕಡಿಸಿ ಮಿಷನ್ನಿನ ಪಕ್ಕದ ಬಟ್ಟೆಯ ರಾಶಿಯ ಮೇಲೆ ಮಲಗುತ್ತಿದ್ದದ್ದು, ಎಲ್ಲ. ಮಾಲೀಕರ ಮಗಳು ತಲೆ ಎತ್ತಲಿಲ್ಲ. ನಾನು ಹಾಕಿಸಬಹುದಾಗಿದ್ದ ಯಾವ ಪ್ಯಾರಾವೂ ಅದರಲ್ಲಿ ಇರಲಿಲ್ಲ. ಎಲ್ಲರಂತೆ ನಾನೂ ಕೂತು ಕೇಳಿದೆ.

ಜುಲೈ ೧೦

ಎರಡು ಆದೇಶ ಬಂದವು. ಟೈಲರಮ್ಮನದು: ಅದೇ ಬೀದಿಯಲ್ಲಿ ಬೇರೆ ಜಾಗ ಸಿಗುವವರೆಗೆ ಅವರನ್ನು ಬಿಡಿಸುವಂತಿಲ್ಲ. ಮಾಲೀಕರ ಮಗಳು ಮಹಡಿ ಕಟ್ಟಿಸುವ ಮಾತು ಎತ್ತಿಲ್ಲ, ಮುಖ ಕೊಟ್ಟು ಮಾತೂ ಆಡಿಲ್ಲವಂತೆ. ಆ ಗಾಯ ಮಾಯಲು ಕಾಲ ಬೇಕು, ಮಾಯದೆಯೂ ಹೋಗಬಹುದು. ನನ್ನದು: ವಿಚಾರಣೆ ಮುಗಿಯುವವರೆಗೆ ಸನ್ನದು ಅಮಾನತು, ಕೋಟು ಧರಿಸಕೂಡದು.

ಸಂಜೆ ಅಂಗಡಿಗೆ ಹೋದೆ. ಬಟ್ಟೆಗಳು ಕೆಲವು ವಾಪಸು ಬಂದಿದ್ದವು. ಟೈಲರಮ್ಮ ಮಿಷನ್ ತುಳಿಯುತ್ತಲೇ ಇದ್ದರು, ಬನ್ನಿ ಎನ್ನಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ಸನ್ನದಿನ ಸುದ್ದಿ ಅವರಿಗೆ ಗೊತ್ತಾಗಿತ್ತು.

“ನಿಮ್ಮ ಮನೆ ಉಳೀತಲ್ಲಮ್ಮ” ಅಂದೆ.

ಮಿಷನ್ ನಿಲ್ಲಿಸಿದರು. ಕಣ್ಣು ಕೆಂಪಗಿತ್ತು, ಸಿಟ್ಟೋ ಅಳುವೋ ತಿಳಿಯಲಿಲ್ಲ.

“ಹುಟ್ಟಿದಾಗಿನಿಂದ ಒಂದೇ ಒಂದು ಸುಳ್ಳು ಹೇಳಿದ್ದೆ ನಾನು. ಅದೂ ನಿಮಗೋಸ್ಕರ. ಅದನ್ನೂ ನಿಲ್ಲೋಕೆ ಬಿಡ್ಲಿಲ್ವಲ್ಲ ನೀವು” ಎಂದರು. ನನ್ನ ಉತ್ತರಕ್ಕೆ ಕಾಯದೆ ತಮ್ಮ ಹಿಂದಿನ ಕೋಣೆಗೆ ಹೋಗಿ, ತಮ್ಮ ಬಾಗಿಲನ್ನು ಧಡಾರನೆ ಹಾಕಿಕೊಂಡರು.